ತಮಟೆಯ ಮುಂದೆ ಗಿಟಾರ್ ಏನು ಮಹಾ!

ರಾತ್ರಿ ಹನ್ನೊಂದು ದಾಟಿದೆ. ಶಿರಸಿಯ ದೇವಿಕೆರೆ ಕಡೆಯಿಂದ ತಮಟೆ ಸದ್ದು ಏರ್ತಾ ಏರ್ತಾ ಬರ್ತಿದೆ. ಅಂಗಡಿಗಳ ಷಟರು ಗಡಗಡ ನಡುಗ್ತಿದೆ. ಜನ ಎರಡೂ ಬದಿಗೆ ಸರಿದರು... ಬಂದ ನೋಡಿ ಬೇಡ! ಮುಖದ ತುಂಬ ಬಣ್ಣ, ಬೆನ್ನಿಗೆ ನವಿಲುಗರಿ, ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಸೊಂಟದ ಹಗ್ಗ ಹಿಡಿದವರು ಹಿಂದಕ್ಕೆ ಜಗ್ಗುತ್ತಿದ್ದರೂ ಆಸಾಮಿ ಜನರ ಮೇಲೇ ನುಗ್ಗುತ್ತಾನೆ!

ಹೆವಿ ಮೆಟಲ್ ಅಂದರೆ ಎಂತದು ಮಾರಾಯಾ ಅಂತ ಕೇಳುವ ಗೆಳೆಯರಿಗೆಲ್ಲ ನಾನು ಹೇಳೋದು ಒಂದೇ. ಹೋಳಿ ಹೊತ್ತಿಗೆ ಶಿರಸಿಗೆ ಬಾ, ಬೇಡರ ವೇಷ ನೋಡು, ಆಮೇಲೆ ಕೇಳು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಮುಂಚಿನ ರಾತ್ರಿಗಳಲ್ಲಿ ಈ ವೇಷ. ಸೋದೆ ಅರಸರ ಕಾಲದ ಮಲ್ಲೇಶಿ ಎಂಬ ಕೊಬ್ಬಿದ ಬೇಡ, ಅವನನ್ನು ಮಟ್ಟಹಾಕಿದ ರುದ್ರಾಂಬಿಕೆ... ಹೀಗೊಂದು ಕಥೆ ಹೇಳ್ತಾರೆ. ಕಥೆ ಗೊತ್ತಿಲ್ಲದವನಿಗೂ ಆ ತಮಟೆ ಎದೆಯೊಳಗೆ ಬಡಿಯುತ್ತೆ.

ನಾನು ಕಪ್ಪು ಟೀಶರ್ಟಿನ ಪಂಗಡದವನು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅಲ್ಲೇ ಮೆಟಾಲಿಕಾ. ರಾಜ್‌ಕುಮಾರ್ ಚಿತ್ರ ಬಿಡುಗಡೆಯ ದಿನಗಳನ್ನು ನಮ್ಮ ಹಿರಿಯರು ಹೇಳುವ ಹಾಗೆ ನಾವು ಈ ತಾರೀಖು ಹೇಳ್ತೇವೆ. ನಮ್ಮ ಬೆಂಗಳೂರಿನ ಹುಡುಗರೂ ಕಮ್ಮಿ ಏನಲ್ಲ. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಮೇಳದ ವೇದಿಕೆ ಹತ್ತಿತು!

ಈ ಹುಚ್ಚಿನ ಜೊತೆ ಇನ್ನೆರಡು ಹುಚ್ಚು ಅಂಟಿಕೊಂಡಿವೆ: ಸಂಗೀತದ ಪುಸ್ತಕ ಮತ್ತು ಕ್ಯಾಮೆರಾ. ಎರಡೂ ಜೇಬಿಗೆ ಕತ್ತರಿ.

ಮೊದಲು ಪುಸ್ತಕ. ಒಂದೇ ಪುಸ್ತಕ ಓದ್ತೀನಿ ಅನ್ನೋರು ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರಿಗ ಟೋನಿ ಅಯೋಮಿಯ ಆತ್ಮಕಥೆ 'ಐರನ್ ಮ್ಯಾನ್' ಓದಿ. 2011ರಲ್ಲಿ ಬಂದದ್ದು. ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡಿನ ಕಾರ್ಖಾನೆ ಕೆಲಸ, ಹುಡುಗನಿಗೆ 17 ವರ್ಷ. ಕೆಲಸ ಬಿಟ್ಟು ವಾದ್ಯತಂಡದ ಜೊತೆ ಹೊರಡಬೇಕು, ಅಂದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗಲ್ಲ ಅಂದ. ಅಮ್ಮ, ಪೂರ್ತಿ ಮುಗಿಸಿ ಬಾ ಅಂತ ಕಳಿಸಿದಳು. ಹೋದ. ಯಂತ್ರ ಬಲಗೈಯ ಎರಡು ಬೆರಳ ತುದಿ ಕತ್ತರಿಸಿ ಹಾಕಿತು! ಇವನೋ ಎಡಚ, ಗಿಟಾರಿನ ತಂತಿ ಒತ್ತುವ ಕೈಯೇ ಅದು. ಬೇರೆಯವರಾಗಿದ್ದರೆ ಅಲ್ಲಿಗೆ 'ಶುಭಂ'. ಆದರೆ ಕಾರ್ಖಾನೆಯ ಮೇಸ್ತ್ರಿ ಒಂದು ಗ್ರಾಮಫೋನ್ ತಟ್ಟೆ ತಂದು ಕೇಳಿಸಿದ. ಸುಟ್ಟ ಕೈಯಲ್ಲಿ ಎರಡೇ ಬೆರಳಿನ ಮೇಲೆ ಗಿಟಾರ್ ನುಡಿಸಿದ ಜ್ಯಾಂಗೋ ರೈನ್‌ಹಾರ್ಟ್‌ನ ತಟ್ಟೆ ಅದು. ಅಯೋಮಿ ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮೇಲೆ ಚರ್ಮದ ಚೂರು ಅಂಟಿಸಿದ. ನೋವು ತಡೆಯಲು ತೆಳು ತಂತಿ ಹಾಕಿದ. 1971ರ ಹೊತ್ತಿಗೆ ತಂತಿಯನ್ನೇ ಸಡಿಲಿಸಿ ಶ್ರುತಿ ಕೆಳಗಿಳಿಸಿದ. ಲೋಕವೆಲ್ಲ ಹೆವಿ ಅಂತ ಕೊಂಡಾಡಿದ ಆ ಭಾರದ ಸದ್ದಿನಲ್ಲಿ ಕತ್ತರಿಸಿಹೋದ ಎರಡು ಬೆರಳೂ ಇವೆ, ಸ್ವಾಮಿ!

ಐರನ್ ಮೇಡನ್ ಗಾಯಕ ಬ್ರೂಸ್ ಡಿಕಿನ್ಸನ್‌ನ ಪುಸ್ತಕ 2017ರದ್ದು. ಹುಟ್ಟು, ಮದುವೆ, ವಿಚ್ಛೇದನ ಯಾವುದೂ ಇರಕೂಡದು ಅಂತ ತೀರ್ಮಾನಿಸಿ ಬರೆದ ಪುಣ್ಯಾತ್ಮ. ವಿಮಾನ ಹಾರಿಸಿದ್ದು, ಕತ್ತಿವರಸೆ ಆಡಿದ್ದು ಎಲ್ಲ ಇದೆ. ಓದಬಹುದು. ಮಾಟ್ಲಿ ಕ್ರೂ ತಂಡದ 'ದಿ ಡರ್ಟ್' (2001) ಮಾತ್ರ ನನಗೆ ಹಿಡಿಸಲಿಲ್ಲ. ಕುಡಿತ, ಗಲಾಟೆ, ಮತ್ತೆ ಕುಡಿತ... ಸಂಗೀತ ಯಾವಾಗ ಮಾಡಿದರೋ!

ಇನ್ನು ನಮ್ಮದೇ ಸದ್ದಿನ ಪುಸ್ತಕ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಮೆರಿಕದಿಂದ ಬಂದು ಯಕ್ಷಗಾನ ಕಲಿತ ಮಾರ್ಥಾ ಆಷ್ಟನ್, ಬ್ರೂಸ್ ಕ್ರಿಸ್ಟಿ ಜೊತೆಗೂಡಿ 1977ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಆಕೆಯ ಗುರು ಯಾರು ಗೊತ್ತೇ? ಮದ್ದಳೆಗಾರ ಹಿರಿಯಡ್ಕ ಗೋಪಾಲರಾಯರು. ಬಾರಿಸುವವನಿಗೆ ಹೆಸರಿದೆ ಅಲ್ಲಿ! ಈ ಮಾತನ್ನು ಸ್ವಲ್ಪ ನೆನಪಿಡಿ.

ಕ್ಯಾಮೆರಾ ವಿಷಯಕ್ಕೆ ಬರೋಣ. ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹುಡುಗರೆಲ್ಲ ಕೇಳ್ತಾರೆ. ಲಕ್ಷದ ಮಾತೇ ಬೇಡ. ಹಳೇದಾದರೂ ಸರಿ ಒಂದು ಕ್ಯಾಮೆರಾ, ಅದಕ್ಕೆ 50 ಎಂ.ಎಂ. ಎಫ್ 1.8 ಲೆನ್ಸು. ಬಾಯಿ ದೊಡ್ಡದಾಗಿ ತೆರೆಯುತ್ತೆ, ರಾತ್ರಿಯ ಬೀದಿದೀಪದಲ್ಲೂ ಕೆಲಸ ನಡೆಯುತ್ತೆ. ಐ.ಎಸ್.ಓ. 3200ಕ್ಕೆ ಏರಿಸಿ, ಕಾಳು ಕಾಳಾದರೆ ಆಗಲಿ ಬಿಡಿ. ಕುಣಿಯುವ ಕಾಲು ನಿಲ್ಲಬೇಕಾದರೆ ಷಟರ್ 250ನೇ ಒಂದು ಸೆಕೆಂಡಿಗಿಂತ ನಿಧಾನ ಇರಬಾರದು.

ಫ್ಲ್ಯಾಶ್ ಮಾತ್ರ ದಯವಿಟ್ಟು ಬೇಡ! ಪರದೇಶದ ರಾಕ್ ಕಛೇರಿಗಳಲ್ಲಿ ಫೋಟೋದವರಿಗೆ ಹಳೇ ನಿಯಮವೊಂದಿದೆ: ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಇಲ್ಲ. ನಮ್ಮಲ್ಲಿ ಮೂರು ಹಾಡಿನ ಕಟ್ಟಿಲ್ಲ, ಬೆಳಗಾಗುವ ತನಕ ತೆಗೀಬಹುದು. ಆದರೆ ಕತ್ತಿ ಬೀಸುವ ಬೇಡನ ಕಣ್ಣಿಗೆ ಎದುರಿಂದ ಫ್ಲ್ಯಾಶ್ ಹೊಡೆದರೆ ಏನಾದೀತು, ನೀವೇ ಯೋಚಿಸಿ. ಚಿತ್ರವೂ ಕೆಡುತ್ತೆ, ಕತ್ತಲೆ ಹೋಗಿ ಬರೀ ಬಣ್ಣದ ಗೊಂಬೆ ಉಳಿಯುತ್ತೆ.

ಬೆಳಕಿನ ಮಾತು ಬಂದರೆ ಮೈಸೂರಿನ ವಿ.ಕೆ. ಮೂರ್ತಿಯವರನ್ನು ನೆನೆಯದೆ ಇರಲಾಗುತ್ತದೆಯೆ! 1959ರ 'ಕಾಗಜ್ ಕೆ ಫೂಲ್' ಚಿತ್ರದ ಆ ಬೆಳಕಿನ ಕೋಲನ್ನು ಅವರು ಇಳಿಸಿದ್ದು ಬಿಸಿಲು ಮತ್ತು ಎರಡು ಕನ್ನಡಿಯಿಂದ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕ ಅವರು. ಸಾಮಾನು ಸಾಲದು ಅಂತ ಗೋಳಾಡುವ ಗೆಳೆಯರು ಮನೆಯ ಕನ್ನಡಿ ಹೊರಗೆ ತಂದು ಒಮ್ಮೆ ನೋಡಿ.

ಬ್ಲ್ಯಾಕ್ ಸಬ್ಬತ್ತಿನ ಮೊದಲ ತಟ್ಟೆಯ ಹೊದಿಕೆ ನೋಡಿದ್ದೀರಾ? 1970ರ ಫೆಬ್ರವರಿ 13ರಂದು ಬಂದದ್ದು. ಹಳೇ ನೀರುಗಿರಣಿ, ಮುಂದೆ ಕಪ್ಪು ನಿಲುವಂಗಿಯ ಹೆಣ್ಣು, ಸುತ್ತ ಮಂಕು ಬಣ್ಣ. ಕೀತ್ ಮ್ಯಾಕ್‌ಮಿಲನ್ ಎಂಬಾತ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ತೆಗೆದ ಚಿತ್ರ. ಸಿದ್ದಾಪುರದಲ್ಲಿ ಡಿಸೆಂಬರ್ ಬೆಳಗಿನ ಜಾವ ಅಡಿಕೆ ತೋಟದ ಅಂಚಿಗೆ ನಿಂತರೆ ಅಂಥ ಮಂಜು ನಮಗೆ ಪುಕ್ಕಟೆ! ಅದೇ ಸಿದ್ದಾಪುರದ ಮಳೆ ಮಾತ್ರ ಲೆನ್ಸಿನ ವೈರಿ. ಒಂದು ಮಳೆಗಾಲ ಚರ್ಮದ ಚೀಲದಲ್ಲೇ ಇಟ್ಟು ಮರೆತೆ. ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬೂಸ್ಟು ಹಬ್ಬಿತ್ತು. ಈಗ ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಚೀಲದಲ್ಲಂತೂ ಇಡಲೇಬೇಡಿ.

ಯಲ್ಲಾಪುರದ ಕಡೆ ಹೋದರೆ ಇನ್ನೊಂದು ಸದ್ದು. ಸಿದ್ದಿಗಳ ಧಮಾಮಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ಮೊಮ್ಮಕ್ಕಳ ವಾದ್ಯ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಇದೇ ಸಮುದಾಯದ ಪ್ರಶಾಂತ್ ಸಿದ್ದಿಯನ್ನು 2011ರ 'ಪರಮಾತ್ಮ'ದಲ್ಲಿ ನೀವೆಲ್ಲ ನೋಡಿದ್ದೀರಿ. ಅಲ್ಲಿ ಮೊಬೈಲಿನಲ್ಲಿ ಧ್ವನಿ ಹಿಡಿಯಲು ಹೋಗಿ ಪೆಚ್ಚಾದೆ. ಮೊಬೈಲು ತಾನಾಗಿ ಸದ್ದು ಏರಿಸಿ ಇಳಿಸಿ ಪೆಟ್ಟಿನ ಪ್ರಾಣವನ್ನೇ ತಿಂದುಹಾಕಿತ್ತು. ಮಟ್ಟವನ್ನು ಕೈಯಾರೆ ಇಳಿಸಿಟ್ಟು, ನಾಲ್ಕು ಮಾರು ದೂರ ನಿಂತು ಹಿಡಿಯಬೇಕು. ಅದಕ್ಕೂ ಮೊದಲು, ತೆಗೀಲಾ ಅಂತ ಕೇಳಬೇಕು. ಕೂದಲು ನೋಡಿದ ಕೂಡಲೇ ಕ್ಯಾಮೆರಾ ಎತ್ತುವ ಪ್ರವಾಸಿಗರ ಮೇಲೆ ಅವರಿಗೆ ಸಿಟ್ಟು ಬಂದರೆ ತಪ್ಪೇನು?

ಈಗ ಆಗಲೇ ನೆನಪಿಡಿ ಅಂದೆನಲ್ಲ, ಆ ಮಾತು. 2023ರ ಹೋಳಿ ಮುಗಿಸಿ ಮನೆಗೆ ಬಂದು ಚಿತ್ರಗಳನ್ನೆಲ್ಲ ಹರವಿ ಕೂತೆ. ನಾನೂರಕ್ಕೂ ಹೆಚ್ಚು. ಬೇಡ ಕುಣಿದದ್ದು, ಬೇಡ ಹಾರಿದ್ದು, ಬೇಡನ ಕಣ್ಣು... ತಮಟೆಯವರದ್ದು ಒಂದೂ ಇಲ್ಲ! ಅಂಚಿನಲ್ಲಿ ಎಲ್ಲೋ ಅರ್ಧ ಮೊಣಕೈ. ಇಂಗ್ಲೆಂಡಿನ ಡ್ರಮ್ಮಿನವನ ಹೆಸರು, ಊರು ಎಲ್ಲ ಬಾಯಿಪಾಠ ನನಗೆ. ರಾತ್ರಿಯಿಡೀ ಎದೆ ನಡುಗಿಸಿದವರ ಮುಖವೇ ಗೊತ್ತಿಲ್ಲ. ನಾಚಿಕೆ ಆಯ್ತು.

2025ರ ಹೋಳಿಗೆ ನೇರ ತಮಟೆಯವರ ಹಿಂದೆ ಬಿದ್ದೆ. ಆಗ ಕಂಡದ್ದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಗಲ್ಲಿಯ ಮೂಲೆಯಲ್ಲಿ ಹುಲ್ಲು, ಕಾಗದ ಸೇರಿಸಿ ಬೆಂಕಿ ಹಾಕ್ತಾರೆ. ತಮಟೆಯನ್ನು ಆ ಬೆಂಕಿಗೆ ಹಿಡಿದು ಬೆರಳಲ್ಲಿ ಕೊಟ್ಟಿ ಕೊಟ್ಟಿ ನೋಡ್ತಾರೆ. ಇಬ್ಬನಿಗೆ ಸಡಿಲಾದ ಚರ್ಮ ಬಿಗಿಯಾಗಿ ಟಣ್ ಅನ್ನಬೇಕು. ಅಯೋಮಿ ಸಡಿಲಿಸಿ ಗೆದ್ದ, ಇವರು ಕಾಯಿಸಿ ಗೆಲ್ತಾರೆ! ಹಿರಿಯರೊಬ್ಬರು, "ತಮ್ಮಾ, ವೇಷ ಆ ಕಡೆ ಹೋಯ್ತು, ಇಲ್ಲೆಂತ ಮಾಡ್ತೆ?" ಅಂದರು. "ನಿಮ್ಮದೇ ಫೋಟೋ ಬೇಕು ಅಜ್ಜಾ" ಅಂದೆ. ನಕ್ಕರು, ನಂಬಲಿಲ್ಲ. ಬೆಂಕಿಯ ಬೆಳಕೊಂದೇ. ಷಟರನ್ನು 30ನೇ ಒಂದು ಸೆಕೆಂಡಿಗೆ ಇಳಿಸಿ ಉಸಿರು ಬಿಗಿಹಿಡಿದು ಒತ್ತಿದೆ.

ದೊಡ್ಡದಾಗಿ ಪ್ರಿಂಟು ಹಾಕಿಸಿ ಹುಡುಕಿಕೊಂಡು ಹೋಗಿ ಕೊಟ್ಟೆ. ಅಜ್ಜ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಮುಖ ಬಂದಿದೆ, ಬೆಂಕಿ ಬಂದಿದೆ. ಬಾರಿಸುವ ಕೈ ಮಾತ್ರ ಬರೀ ಹೊಗೆ.

"ಚಲೋ ಇದ್ದು ತಮ್ಮಾ. ಆದ್ರೆ ಕೈ ಎಲ್ಲಿ ಹೋತು?" ಅಂದರು.