ರಕ್ತದ ಕ್ಯಾನ್ಸರ್: ಇಷ್ಟೊಂದು ಟೆಸ್ಟ್ ಯಾಕೆ ಬರೀತಾರೆ?

ರಕ್ತದ ಕ್ಯಾನ್ಸರ್ ಅಂತ ಬುಕ್ಕಾಪಟ್ಟಣದ ಕಡೆಯಿಂದ ಶಿರಾ, ತುಮಕೂರು ದಾಟಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದ ಮನೆಯವರನ್ನು ಮೊದಲು ಕಂಗೆಡಿಸುವುದು ಟೆಸ್ಟುಗಳ ಪಟ್ಟಿ. ಕಾಯಿಲೆ ಯಾವುದೆಂದು ಗೊತ್ತಾದ ಮೇಲೂ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯುತ್ತಾರೆ, ಅದನ್ನು ಬೇರೆ ಬೇರೆ ಟ್ಯೂಬಿಗೆ ಹಾಕಿ ಬೇರೆ ಬೇರೆ ಪರೀಕ್ಷೆಗೆ ಕಳಿಸುತ್ತಾರೆ. ಪಕ್ಕದ ಹಾಸಿಗೆಯವರದೂ ಅದೇ ಕಾಯಿಲೆ, ಆದರೆ ಅವರಿಗೆ ಕೊಡುವ ಮಾತ್ರೆಯೇ ಬೇರೆ. ಇದೆಲ್ಲ ಬೇಕಾ ಅನ್ನಿಸುವುದು ಸಹಜ. ಖಂಡಿತ ಬೇಕು. ಅದರ ಕಾರಣ ಜೀವಕೋಶದೊಳಗಿನ ಸಂಕೇತ ಪ್ರೋಟೀನುಗಳಲ್ಲಿದೆ.

ಮೂಳೆಮಜ್ಜೆಯಲ್ಲಿ ದಿನವೊಂದಕ್ಕೆ ಕೆಂಪು ರಕ್ತಕಣಗಳೇ ಸುಮಾರು 20,000 ಕೋಟಿ ಹುಟ್ಟುತ್ತವೆ. ಬಿಳಿಕಣ, ಪ್ಲೇಟ್‌ಲೆಟ್ ಬೇರೆ. ಯಾವುದು ಯಾವಾಗ ಎಷ್ಟು ಹುಟ್ಟಬೇಕು ಎಂಬ ಆಜ್ಞೆಯನ್ನು ಕೋಶದ ಒಳಗೆ ಮುಟ್ಟಿಸುವುದು ಈ ಪ್ರೋಟೀನುಗಳು. ಎಫ್‌ಎಲ್‌ಟಿ3 ಎಂಬ ಒಂದನ್ನೇ ನೋಡೋಣ. ಎಳೆಯ ರಕ್ತಕೋಶದ ಪೊರೆಯಲ್ಲಿ ತಲೆ ಹೊರಗೆ, ಬಾಲ ಒಳಗೆ ಇರುವಂತೆ ಅದು ನಾಟಿಕೊಂಡಿರುತ್ತದೆ. ಬೆಳವಣಿಗೆಗೆ ಕರೆ ಕೊಡುವ ಪದಾರ್ಥ ಬಂದು ತಲೆಗೆ ಅಂಟಿದಾಗ ಇಂಥ ಎರಡು ಪ್ರೋಟೀನುಗಳು ಜೋಡಿಯಾಗುತ್ತವೆ, ಒಳಗಿನ ಬಾಲಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಅದು ಅಂಟಿದ್ದೇ ತಡ, ರಾಸ್, ಸ್ಟ್ಯಾಟ್5, ಎಕೆಟಿ ಮುಂತಾದ ಮುಂದಿನ ಪ್ರೋಟೀನುಗಳು ಚುರುಕಾಗಿ, ಬದುಕು, ಎರಡಾಗು ಎಂಬ ಆಜ್ಞೆ ನ್ಯೂಕ್ಲಿಯಸ್ ತಲುಪುತ್ತದೆ. ಕೆಲಸ ಮುಗಿದ ಮೇಲೆ ಫಾಸ್ಫೇಟ್ ಕಳಚಿ ಎಲ್ಲವೂ ತಣ್ಣಗಾಗುತ್ತದೆ.

ರಕ್ತದ ಕ್ಯಾನ್ಸರಿನ ಒಂದು ಬಗೆಯಾದ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಬಂದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಇದೇ ಎಫ್‌ಎಲ್‌ಟಿ3 ಜೀನ್ ಕೆಟ್ಟಿರುತ್ತದೆ. ಬಹಳ ಸಲ ಆಗುವುದೇನೆಂದರೆ, ಪೊರೆಯ ಒಳಮಗ್ಗುಲಲ್ಲಿರುವ ತುಂಡೊಂದು ಜೀನಿನಲ್ಲಿ ಎರಡೆರಡು ಸಲ ಬರೆದುಹೋಗಿರುತ್ತದೆ. ಪ್ರೋಟೀನನ್ನು ತಡೆದು ಹಿಡಿಯುತ್ತಿದ್ದದ್ದು ಆ ತುಂಡೇ. ಅದು ಕೆಟ್ಟಿತೆಂದರೆ ಬೋರ್‌ವೆಲ್ ಸ್ಟಾರ್ಟರಿನ ಕಾಂಟ್ಯಾಕ್ಟ್ ಕಚ್ಚಿಕೊಂಡು, ಕೆಂಪು ಗುಂಡಿ ಒತ್ತಿದರೂ ಮೋಟಾರ್ ನಿಲ್ಲದ ಸ್ಥಿತಿ. ಹೊರಗಿನಿಂದ ಕರೆ ಬರದಿದ್ದರೂ ಕೋಶ ಎರಡಾಗುತ್ತಲೇ ಹೋಗುತ್ತದೆ. ಕೋಶವನ್ನು ಬಲಿಯಲು ಬಿಡದ ಇನ್ನೊಂದು ದೋಷವೂ ಸಾಮಾನ್ಯವಾಗಿ ಇದಕ್ಕೆ ಜೊತೆಯಾಗುತ್ತದೆ. ಹೀಗೆ ಬಲಿಯದ ಎಳೆಕೋಶಗಳು, ಅಂದರೆ ಬ್ಲಾಸ್ಟುಗಳು, ಮಜ್ಜೆಯನ್ನೆಲ್ಲ ತುಂಬಿ ಒಳ್ಳೆಯ ರಕ್ತಕ್ಕೆ ಜಾಗ ಇಲ್ಲದಂತೆ ಮಾಡುತ್ತವೆ. ಬಿಡದ ಜ್ವರ, ಬಿಳಿಚಿದ ಮುಖ, ಒಸಡಿನ ರಕ್ತ, ಪೆಟ್ಟು ಬೀಳದೆಯೂ ಮೈಮೇಲೆ ಕಂದುಗಟ್ಟಿದ ಕಲೆ, ಮಕ್ಕಳಲ್ಲಿ ಕಾಲುಮೂಳೆ ನೋವು, ಇವೆಲ್ಲ ಬರುವುದು ಅದರಿಂದಲೇ.

ಯಾವ ಪ್ರೋಟೀನ್ ಕೆಟ್ಟಿದೆ ಎಂದು ಗೊತ್ತಾದರೆ ಅದನ್ನೇ ಹಿಡಿದು ನಿಲ್ಲಿಸುವ ಔಷಧ ಕೊಡಬಹುದು. ಕೆಟ್ಟ ಎಫ್‌ಎಲ್‌ಟಿ3ಗೆ 2017ರಲ್ಲಿ ಮಿಡೊಸ್ಟಾರಿನ್, 2018ರಲ್ಲಿ ಗಿಲ್ಟೆರಿಟಿನಿಬ್ ಅಮೆರಿಕದಲ್ಲಿ ಮಂಜೂರಾದವು. ಬೆಲೆ ಮಾತ್ರ ನಮ್ಮ ಕಡೆಯ ರೈತರ ಕೈಗೆ ಎಟುಕುವಂಥದ್ದಲ್ಲ, ಇದು ನೋವಿನ ಸಂಗತಿ. ಬಿಸಿಆರ್-ಎಬಿಎಲ್ ಪ್ರೋಟೀನಿನ ಕತೆ ಹಾಗಲ್ಲ. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಈ ಪ್ರೋಟೀನ್, ರಕ್ತದ ಕ್ಯಾನ್ಸರಿನ ಇನ್ನೊಂದು ಬಗೆಯಾದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಬಂದ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇರುತ್ತದೆ, ಮಕ್ಕಳಲ್ಲಿ ಅಪರೂಪ. ಇದನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಯ ಹೊಸ ರೂಪಕ್ಕೆ ಔಷಧ ಕಂಪನಿ ನೊವಾರ್ಟಿಸ್ ಕೇಳಿದ್ದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ದೇಶದ ಕಂಪನಿಗಳು ತಯಾರಿಸುವ ಅಗ್ಗದ ಮಾತ್ರೆಗೆ ಇದ್ದ ಆತಂಕ ಅಲ್ಲಿಗೆ ತಪ್ಪಿತು. ಕೀಮೋಥೆರಪಿಯ ಜೊತೆ ಈ ಮಾತ್ರೆ ಸೇರಿದ ಮೇಲೆ, ಹಿಂದೆ ಕೈಬಿಟ್ಟಂತಿದ್ದ ರೋಗಿಗಳು ಉಳಿಯತೊಡಗಿದರು. ಆದರೆ ಟೆಸ್ಟ್ ಮಾಡಿಸದೆ ಇದು ಯಾರಿಗೆ ಬೇಕೆಂದು ತಿಳಿಯುವುದೇ ಇಲ್ಲ.

ಊರಲ್ಲೇ ಗಮನಿಸಬೇಕಾದ್ದು ಎರಡು. ಪ್ಲೇಟ್‌ಲೆಟ್ ಇಳಿದ ಕೂಡಲೇ ಡೆಂಗಿ ಅಂದುಬಿಡುತ್ತೇವೆ. ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನೇ ಏರುತ್ತದೆ. ಏರದಿದ್ದರೆ, ಅದರ ಜೊತೆ ಹಿಮೋಗ್ಲೋಬಿನ್ನೂ ಇಳಿಯುತ್ತಿದ್ದರೆ, ರಕ್ತಕಣಗಳನ್ನು ಎಣಿಸುವ ಸಿಬಿಸಿ ಟೆಸ್ಟ್ ಮಾಡಿಸಿ, ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿ ಎಂದು ಕೇಳಿ. ಹೆಚ್ಚಿನವರಲ್ಲಿ ಬ್ಲಾಸ್ಟುಗಳು ಅಲ್ಲೇ ಕಾಣುತ್ತವೆ, ಸಾಮಾನ್ಯ ಕಣಕ್ಕಿಂತ ದೊಡ್ಡವು, ಮೈತುಂಬ ನ್ಯೂಕ್ಲಿಯಸ್ಸೇ.

ಇನ್ನೊಂದು, ಜ್ವರಕ್ಕೆ, ಕೀಲುನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವ ರೂಢಿ. ಸ್ಟೀರಾಯ್ಡ್ ಹಿಡಿಯುವ ಗ್ರಾಹಕವೂ ಒಂದು ಸಂಕೇತ ಪ್ರೋಟೀನೇ, ಅದು ಎಳೆಯ ಲಿಂಫ್ ಕೋಶಗಳಿಗೆ ಸಾಯುವ ಆಜ್ಞೆ ಕೊಡುತ್ತದೆ. ಹಾಗಾಗಿಯೇ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಚಿಕಿತ್ಸೆಯಲ್ಲಿ ಸ್ಟೀರಾಯ್ಡ್ ಇದೆ. ಆದರೆ ರೋಗ ಗೊತ್ತಾಗುವ ಮೊದಲೇ ಕೊಟ್ಟರೆ ಬ್ಲಾಸ್ಟುಗಳು ತಾತ್ಕಾಲಿಕವಾಗಿ ಕರಗಿ, ಮಗು ಹುಷಾರಾದಂತೆ ಕಂಡು, ಟೆಸ್ಟಿನಲ್ಲಿ ರೋಗ ಸಿಗದೆ ಹೋಗಬಹುದು. ಬೇರು ಹಾಗೇ ಉಳಿದಿರುತ್ತದೆ. ಮೊದಲು ಇಂಜೆಕ್ಷನ್ ಹಾಕಿಸಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಮ್ಮ ಕಡೆಯವರು ಹೋಗಬಹುದಾದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಹೊರಡುವಾಗ ರೇಷನ್ ಕಾರ್ಡ್, ಆಧಾರ್, ಈವರೆಗಿನ ಎಲ್ಲ ರಕ್ತಪರೀಕ್ಷೆಯ ಚೀಟಿಗಳನ್ನು ತಪ್ಪದೆ ಜೊತೆಗಿಟ್ಟುಕೊಳ್ಳಿ. ಅಕ್ಯೂಟ್ ಲ್ಯುಕೇಮಿಯಾ ದಿನಗಳ ಲೆಕ್ಕದಲ್ಲಿ ಬೆಳೆಯುವ ಕಾಯಿಲೆ, ಜಾತ್ರೆ ಮುಗಿಯಲಿ, ಶೇಂಗಾ ಕಿತ್ತಾಗಲಿ ಎಂದು ಕಾಯಬೇಡಿ.