ಸೀಟಿನ ಲೆಕ್ಕ ಹೈಸ್ಕೂಲಿನಿಂದಲೇ

ಹತ್ತನೇ ತರಗತಿಯಲ್ಲಿ ಓದುತ್ತಿರುವ ಮಗ ಅಥವಾ ಮಗಳಿಗೆ ಮುಂದೆ ಎಂಜಿನಿಯರಿಂಗ್, ವೈದ್ಯಕೀಯ ಅಥವಾ ಕೃಷಿ ಪದವಿಯ ಕಾಲೇಜಿನಲ್ಲಿ ಸೀಟು ಸಿಗಬಹುದೇ ಎಂಬ ಪ್ರಶ್ನೆಗೆ ರಾಯಚೂರು ನಗರದಲ್ಲೂ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲೂ ಸಾಮಾನ್ಯವಾಗಿ ಅಂಕಪಟ್ಟಿಯನ್ನು ನೋಡಿಯೇ ಉತ್ತರ ಹೇಳಲಾಗುತ್ತದೆ. ಈ ಉತ್ತರದಲ್ಲಿ ತಪ್ಪಿಲ್ಲವಾದರೂ ಅದು ಪೂರ್ತಿಯಲ್ಲ. ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳ ಸೀಟು ನಿರ್ಧಾರವಾಗುವುದು ಅಂಕಗಳಿಂದ ಬರುವ ರ‍್ಯಾಂಕ್ ಮತ್ತು ದಾಖಲೆಗಳಿಂದ ಸಿದ್ಧವಾಗುವ ಪ್ರವರ್ಗ ಎಂಬ ಎರಡು ಸಂಗತಿಗಳು ಕೂಡಿದಾಗ. ಮೊದಲನೆಯದು ಪಿಯುಸಿಯ ಎರಡು ವರ್ಷಗಳಲ್ಲಿ ರೂಪುಗೊಂಡರೆ ಎರಡನೆಯದು ಒಂದನೇ ತರಗತಿಯಿಂದಲೇ ರೂಪುಗೊಳ್ಳುತ್ತ ಬಂದಿರುತ್ತದೆ. ಈ ಸೀಮೆಯ ಅನೇಕ ವಿದ್ಯಾರ್ಥಿಗಳ ಅವಕಾಶ ಅವರ ಮನೆಯವರು ಭಾವಿಸಿರುವುದಕ್ಕಿಂತ ದೊಡ್ಡದು, ಮತ್ತು ಅದನ್ನು ಸಕಾಲದಲ್ಲಿ ಲೆಕ್ಕ ಹಾಕಿ ಹೇಳುವವರಿಲ್ಲದೆ ಅದು ಕೈತಪ್ಪುತ್ತಿದೆ.

ಈ ಅವಕಾಶದ ಬುನಾದಿ ಸಂವಿಧಾನದ 371(ಜೆ) ವಿಧಿ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಈ ವಿಧಿಯ ಅನ್ವಯ ರಾಜ್ಯ ಸರ್ಕಾರ 2013ರಲ್ಲಿ ಹೊರಡಿಸಿದ ಆದೇಶದ ಪ್ರಕಾರ, ಅಂದು ಹೈದರಾಬಾದ್ ಕರ್ನಾಟಕವೆಂದೂ 2019ರಿಂದ ಕಲ್ಯಾಣ ಕರ್ನಾಟಕವೆಂದೂ ಕರೆಯಲಾಗುವ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿಯೂ ಶೇ 8ರಷ್ಟು ಸೀಟುಗಳು ಇವರಿಗಾಗಿ ಇರುತ್ತವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿದ್ದ ದೇವದುರ್ಗದಂಥ ಕಡೆಯ ವಿದ್ಯಾರ್ಥಿಗೆ ಇದರ ಅರ್ಥ ಇಷ್ಟು: ಯರಮರಸ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಸೀಟಿಗೆ ಅವನು ಪ್ರಧಾನವಾಗಿ ತನ್ನ ಸೀಮೆಯವರೊಡನೆಯೇ ಸ್ಪರ್ಧಿಸುತ್ತಾನೆ, ಬೆಂಗಳೂರಿನ ಯುವಿಸಿಇಯಲ್ಲಿಯೂ ಅವನಿಗೊಂದು ಪ್ರತ್ಯೇಕ ಬಾಗಿಲಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿ ಈ ಸ್ಥಳೀಯ ಸೀಟುಗಳ ಒಳಗೂ ಅನ್ವಯವಾಗುತ್ತದೆ. ದೇವದುರ್ಗ, ಮಾನ್ವಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು ಎಂಬುದನ್ನು ನೆನೆದರೆ ಈ ಮಾತಿನ ತೂಕ ಇಲ್ಲಿ ಎಷ್ಟು ಮನೆಗಳಿಗೆ ಸಂಬಂಧಿಸಿದ್ದೆಂದು ತಿಳಿಯುತ್ತದೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಸಿಇಟಿ ನಡೆಸುವ ಕೆಇಎ, ಪ್ರತಿ ವರ್ಷ ಪ್ರಕಟಿಸುವ ಕಟ್‌ಆಫ್ ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಟ್‌ಆಫ್ ಎಂದರೆ ಒಂದು ಕಾಲೇಜಿನ ಒಂದು ಕೋರ್ಸಿನಲ್ಲಿ ಆಯಾ ಪ್ರವರ್ಗಕ್ಕೆ ಕಟ್ಟಕಡೆಯ ಸೀಟು ಪಡೆದವರ ರ‍್ಯಾಂಕ್. ಪಟ್ಟಿಯಲ್ಲಿ ಕಾಲೇಜಿನ ಹೆಸರಿನ ಕೆಳಗೆ ಕೋರ್ಸುಗಳು ಸಾಲುಸಾಲಾಗಿಯೂ ಪ್ರವರ್ಗಗಳು ಅಡ್ಡಲಾಗಿಯೂ ಇರುತ್ತವೆ: ಜಿಎಂ ಎಂದರೆ ಸಾಮಾನ್ಯ ವರ್ಗ, ಜಿಎಂಆರ್ ಎಂದರೆ ಅದರೊಳಗಿನ ಗ್ರಾಮೀಣ, ಜಿಎಂಕೆ ಎಂದರೆ ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳ ಅಂಕಣಗಳಲ್ಲಿ ಇವುಗಳ ಕೊನೆಗೆ ಎಚ್ ಅಕ್ಷರ ಸೇರುತ್ತದೆ. ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕನ್ನಡದಲ್ಲಿ ಓದಿದ ವಿದ್ಯಾರ್ಥಿನಿ ನೋಡಬೇಕಾದದ್ದು ಎಚ್ ಅಕ್ಷರವಿರುವ ತನ್ನ ಪ್ರವರ್ಗದ ಗ್ರಾಮೀಣ ಮತ್ತು ಕನ್ನಡ ಅಂಕಣಗಳನ್ನು. ಆದರೆ ಮೊದಲು ಕಣ್ಣಿಗೆ ಬೀಳುವ ಜಿಎಂ ಅಂಕಣದ ರ‍್ಯಾಂಕನ್ನೇ ನೋಡಿ ‘ನಮಗೆ ಇದು ಆಗೋದಲ್ಲ ಬಿಡು’ ಎಂದು ಕೈಬಿಡುವುದು ಸಾಮಾನ್ಯವಾಗಿದೆ. ಒಂದೇ ವರ್ಷದ ಕಟ್‌ಆಫ್ ನಂಬಿ ಕೂರುವುದೂ ಸರಿಯಲ್ಲ. ಸೀಟು ಕಡಿಮೆ ಇರುವ ಅಂಕಣಗಳಲ್ಲಿ ರ‍್ಯಾಂಕ್ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುವುದರಿಂದ ಎರಡು ಮೂರು ವರ್ಷಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಪ್ರತಿ ಪ್ರವರ್ಗದೊಳಗೆ ಶೇ 15ರಷ್ಟು ಸೀಟು ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ 5ರಷ್ಟು ಕನ್ನಡ ಮಾಧ್ಯಮದವರಿಗೆ ಮೀಸಲು. ಎರಡಕ್ಕೂ ಷರತ್ತು ಒಂದೇ ಬಗೆಯದು: ಒಂದರಿಂದ ಹತ್ತನೇ ತರಗತಿಯವರೆಗಿನ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲಿ, ಅಥವಾ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಗ್ರಾಮೀಣ ಎಂಬುದನ್ನು ಇಲ್ಲಿ ಶಾಲೆ ಇರುವ ಜಾಗದಿಂದ ಅಳೆಯಲಾಗುತ್ತದೆಯೇ ಹೊರತು ಮಗುವಿನ ಮನೆ ಇರುವ ಊರಿನಿಂದಲ್ಲ. ದೇವದುರ್ಗ ಮತ್ತು ಮಾನ್ವಿ ಪಟ್ಟಣಗಳು ಪುರಸಭೆಗಳಾಗಿರುವುದರಿಂದ, ಏಳನೇ ತರಗತಿಯವರೆಗೆ ಊರಿನ ಶಾಲೆಯಲ್ಲಿ ಓದಿ ಎಂಟನೇ ತರಗತಿಗೆ ಪಟ್ಟಣದ ಹೈಸ್ಕೂಲಿಗೆ ಸೇರಿದ ಹುಡುಗ, ದಿನವೂ ಹಳ್ಳಿಯಿಂದಲೇ ಬಸ್ಸಿನಲ್ಲಿ ಓಡಾಡಿದರೂ ಗ್ರಾಮೀಣ ಕೋಟಾದಿಂದ ಹೊರಬೀಳುತ್ತಾನೆ. ಆರನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮವಿರುವ ಆದರ್ಶ ವಿದ್ಯಾಲಯಕ್ಕೆ ಸೇರಿದವಳು ಕನ್ನಡ ಮಾಧ್ಯಮದ ಕೋಟಾ ಕಳೆದುಕೊಳ್ಳುತ್ತಾಳೆ. ಹಾಗೆಂದು ಯಾರೂ ಪಟ್ಟಣದ ಶಾಲೆಗೆ ಹೋಗಬಾರದೆಂದಲ್ಲ. ಗಣಿತ, ವಿಜ್ಞಾನಕ್ಕೆ ಶಿಕ್ಷಕರೇ ಇಲ್ಲದ ಹೈಸ್ಕೂಲಿನಲ್ಲಿ ಉಳಿಸಿಕೊಂಡ ಕೋಟಾದಿಂದ ಆಗುವ ಲಾಭಕ್ಕಿಂತ ಒಳ್ಳೆಯ ಶಿಕ್ಷಕರಿರುವ ಶಾಲೆಯಿಂದ ಆಗುವ ಲಾಭವೇ ಹಲವು ಬಾರಿ ಹೆಚ್ಚು. ಆದರೆ ಏನನ್ನು ಬಿಟ್ಟು ಏನನ್ನು ಪಡೆಯಲಾಗುತ್ತಿದೆ ಎಂಬುದು ಟಿಸಿ ತೆಗೆಸುವ ದಿನವೇ ತಂದೆತಾಯಿಗೆ ಗೊತ್ತಿರಬೇಕು.

ಗುಳೆಯ ವಿಚಾರವನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕಾಗುತ್ತದೆ. ಗುಳೆ ಎಂದರೆ ದುಡಿಮೆ ಅರಸಿ ಕುಟುಂಬಗಳು ಹಂಗಾಮಿಗೆ ಊರು ಬಿಟ್ಟು ಬೆಂಗಳೂರಿನಂಥ ನಗರಗಳಿಗೆ ಹೋಗುವುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸರಿಯಾಗಿ ತಲುಪದ ಕೊನೆಭಾಗದ ಊರುಗಳಲ್ಲಿ, ದೇವದುರ್ಗದ ಒಣಬೇಸಾಯದ ಹಳ್ಳಿಗಳಲ್ಲಿ ಇದು ಹೊಸದಲ್ಲ. ತಂದೆತಾಯಿಯ ಜೊತೆ ಹೋದ ಮಗು ನಗರದ ಶಾಲೆಯೊಂದರಲ್ಲಿ ಒಂದು ವರ್ಷ ಓದಿ ಮರಳಿದರೆ ಹತ್ತು ವರ್ಷದ ಲೆಕ್ಕ ಅಲ್ಲಿಗೆ ಮುರಿಯುತ್ತದೆ. ಹಿಂದುಳಿದ ಹಳ್ಳಿಗಾಗಿ ಮಾಡಿದ ಸವಲತ್ತು ಆ ಹಳ್ಳಿಯ ಅತಿ ಬಡ ಮನೆಯ ಮಗುವಿಗೇ ಸಿಗದಂತಾಗುವುದು ನೋವಿನ ಸಂಗತಿ, ಮತ್ತು ನಿಯಮ ರೂಪಿಸುವವರು ಮರುಚಿಂತನೆ ಮಾಡಲೇಬೇಕಾದ ಸಂಗತಿ.

ರ‍್ಯಾಂಕಿನ ವಿಷಯಕ್ಕೆ ಬಂದರೆ, ಎಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನೂ ಸಿಇಟಿಯ ಅದೇ ಮೂರು ವಿಷಯಗಳ 180 ಅಂಕಗಳನ್ನೂ ಸಮಪಾಲಿನಲ್ಲಿ ಪರಿಗಣಿಸಲಾಗುತ್ತದೆ. ಕೋಚಿಂಗ್‌ಗೆ ಹಣವಿಲ್ಲದ ವಿದ್ಯಾರ್ಥಿಗೆ ಇದು ಅನುಕೂಲಕರವಾದ ಸೂತ್ರ. ಪಠ್ಯಪುಸ್ತಕವನ್ನು ಶ್ರದ್ಧೆಯಿಂದ ಓದಿ ಬೋರ್ಡ್ ಪರೀಕ್ಷೆಯಲ್ಲಿ ಗಳಿಸಿದ ಅಂಕ ಅರ್ಧದಷ್ಟು ರ‍್ಯಾಂಕನ್ನು ಕಟ್ಟಿಕೊಡುತ್ತದೆ. ನೈಜ ಅಪಾಯ ಇರುವುದು ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲಿ ಮುಗಿಸಿ ಪಿಯು ವಿಜ್ಞಾನಕ್ಕೆ ಬಂದವರಿಗೆ ಇಂಗ್ಲಿಷಿನಲ್ಲಿ ನಡೆಯುವ ಪಾಠ ಎದುರಾಗುವ ಮೊದಲ ತಿಂಗಳುಗಳಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಶೇ 90 ಪಡೆದವರೂ ಅಲ್ಲಿ ಎಡವುತ್ತಾರೆ. ಆದ್ದರಿಂದ ಹೈಸ್ಕೂಲಿನಲ್ಲಿ ಒಬ್ಬ ವಿದ್ಯಾರ್ಥಿಯ ಸಾಧ್ಯತೆಯನ್ನು ಅಳೆಯುವವರು ಒಟ್ಟು ಶೇಕಡಾವಾರಿಗಿಂತ ಗಣಿತ ಮತ್ತು ವಿಜ್ಞಾನದ ಅಂಕಗಳನ್ನೂ, ಇಂಗ್ಲಿಷಿನ ಒಂದು ಪುಟವನ್ನು ಓದಿ ತನ್ನ ಮಾತಿನಲ್ಲಿ ಹೇಳಬಲ್ಲನೇ ಎಂಬುದನ್ನೂ ನೋಡುವುದು ಹೆಚ್ಚು ಉಪಯುಕ್ತ.

ವೈದ್ಯಕೀಯ ಸೀಟಿಗೆ ಪಿಯುಸಿ ಅಂಕ ಅರ್ಹತೆಗಷ್ಟೇ ಬೇಕು. ರ‍್ಯಾಂಕ್ ತೀರ್ಮಾನವಾಗುವುದು ಕನ್ನಡದಲ್ಲಿಯೂ ಬರೆಯಬಹುದಾದ ನೀಟ್‌ನಿಂದ. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್‌ನಲ್ಲಿ ಅಖಿಲ ಭಾರತ ಕೋಟಾದ ಶೇ 15ನ್ನು ಬಿಟ್ಟು ಉಳಿದ ರಾಜ್ಯದ ಸೀಟುಗಳಿಗೆ ಸ್ಥಳೀಯ ಮೀಸಲು ಅನ್ವಯವಾಗುತ್ತದೆ. ರಾಯಚೂರಿನಲ್ಲಿಯೇ ಇರುವ ಐಐಐಟಿಗೆ ಮಾತ್ರ ಜೆಇಇ ಮೂಲಕ ದೇಶಮಟ್ಟದ ಪ್ರವೇಶವಿರುವುದರಿಂದ ಅಲ್ಲಿ 371(ಜೆ) ಯಾವ ಸಹಾಯಕ್ಕೂ ಬರುವುದಿಲ್ಲ. ನಗರದ ಹೊರಗಿನ ಕೃಷಿ ವಿಶ್ವವಿದ್ಯಾಲಯದ ಕಥೆ ಬೇರೆ. ಕೃಷಿ ಪದವಿಗೆ ರೈತರ ಮಕ್ಕಳಿಗೆಂದೇ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಬೇಸಾಯದ ಸಲಕರಣೆಗಳನ್ನು ಅಭ್ಯರ್ಥಿ ನೋಡಿ ಗುರುತಿಸಬೇಕಾಗುತ್ತದೆ. ತೊಗರಿ, ಜೋಳ, ಹತ್ತಿಯ ಹೊಲದಲ್ಲಿ ಬೆಳೆದ ಮಗುವಿನ ಅನುಭವಕ್ಕೆ ಬೆಲೆ ಕಟ್ಟುವ ಪ್ರವೇಶ ಪರೀಕ್ಷೆ ಇದರ ಹೊರತು ಹೆಚ್ಚೇನೂ ಇಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಡದೆ ಓದಿದವರಿಗಷ್ಟೇ ಈ ದಾರಿ ತೆರೆದಿರುತ್ತದೆ ಎಂಬುದನ್ನು ಹತ್ತನೇ ತರಗತಿಯಲ್ಲಿಯೇ ಹೇಳಬೇಕು.

ಶಾಲೆಯ ಸಾಧನೆಯನ್ನು ಶಾಲೆಯ ಪರಿಸರದೊಳಗೇ ಅಳೆಯುವ ಪ್ರಯತ್ನಗಳು ಬೇರೆಡೆಯೂ ನಡೆದಿವೆ. ಅಮೆರಿಕದ ಟೆಕ್ಸಾಸ್ ರಾಜ್ಯ 1997ರಲ್ಲಿ ಪ್ರತಿ ಹೈಸ್ಕೂಲಿನ ಮೊದಲ ಶೇ 10 ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ ಖಾತ್ರಿಪಡಿಸುವ ಕಾನೂನು ತಂದಿತು. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5ರ ಒಳಮೀಸಲಾತಿ ಕೊಟ್ಟಿತು. ಅಲ್ಲಿ ನಿಯಮ ಸರಳವಾಗಿರುವುದರಿಂದ ವಿದ್ಯಾರ್ಥಿಗೆ ತನ್ನ ಸ್ಥಾನ ತಾನೇ ತಿಳಿಯುತ್ತದೆ. ಇಲ್ಲಿನ ವ್ಯವಸ್ಥೆ ಉದಾರವಾಗಿದ್ದರೂ ಜಟಿಲ.

ಆ ಜಟಿಲತೆ ಹೆಚ್ಚಾಗಿ ಕಾಡುವುದು ಆಯ್ಕೆ ದಾಖಲಿಸುವ ಹಂತದಲ್ಲಿ. ಆಯ್ಕೆ ದಾಖಲಿಸುವುದೆಂದರೆ ತನಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಕೆಇಎಗೆ ತಿಳಿಸುವುದು. ಗಣಕಯಂತ್ರ ಆ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು ರ‍್ಯಾಂಕಿಗೆ ದೊರಕುವ ಮೊದಲ ಸೀಟನ್ನು ಕೊಡುತ್ತದೆ. ಖಚಿತವಾಗಿ ಸಿಗುವ ಕಾಲೇಜನ್ನು ಭಯದಿಂದ ಮೊದಲು ಬರೆದವರಿಗೆ ಅದೇ ಸಿಗುತ್ತದೆ, ಅದಕ್ಕಿಂತ ಉತ್ತಮವಾದದ್ದು ಅವರ ರ‍್ಯಾಂಕಿಗೆ ದಕ್ಕುವಂತಿದ್ದರೂ ಯಂತ್ರ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಎಟುಕಲಾರದ್ದೆನಿಸುವ ಕಾಲೇಜನ್ನು ಮೇಲೆ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ.

ದಾಖಲೆಗಳ ಕೆಲಸ ಮಾತ್ರ ಕೊನೆಯ ವಾರಕ್ಕೆ ಉಳಿಯಬಾರದು. 371(ಜೆ) ಅರ್ಹತಾ ಪತ್ರಕ್ಕೆ ಸಹಾಯಕ ಆಯುಕ್ತರ ಸಹಿ ಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ತಹಶೀಲ್ದಾರರದು, ಗ್ರಾಮೀಣ ವ್ಯಾಸಂಗ ಪತ್ರಕ್ಕೆ ಮುಖ್ಯೋಪಾಧ್ಯಾಯರ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಶಾಲಾ ದಾಖಲಾತಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಎಂಬಂತೆ ಹೆಸರಿನ ಕಾಗುಣಿತ ಬೇರೆಯಾಗಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುದ್ರಣವಾಗುವ ಮೊದಲು ತಿದ್ದಿಸುವುದು ಸುಲಭ, ಆಮೇಲೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ದೇವದುರ್ಗ, ಮಾನ್ವಿಯ ಪ್ರತಿ ಹೈಸ್ಕೂಲಿನಲ್ಲಿ ಒಬ್ಬ ಶಿಕ್ಷಕರಿಗೆ ಈ ಹೊಣೆ ವಹಿಸಿ, ಒಂಬತ್ತನೇ ತರಗತಿಯ ಪ್ರತಿ ಮಗುವಿನ ಹೆಸರಿನ ಮುಂದೆ ಅದು ಯಾವ ಯಾವ ಅಂಕಣಕ್ಕೆ ಅರ್ಹವೆಂದು ಬರೆದಿಡುವ ಒಂದು ರಿಜಿಸ್ಟರ್ ಇಡಿಸಲು ಶಿಕ್ಷಣ ಇಲಾಖೆಗೆ ಹೊಸ ಅನುದಾನವೂ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ.