ಕಚೇರಿಯ ಬಾಗಿಲಲ್ಲಿ ವಿನಯ ತಪ

ಬೆಳಗಿನ ಹತ್ತು ಗಂಟೆ. ಜೋಯಿಡಾದ ತಾಲ್ಲೂಕು ಕಚೇರಿಯಿರಲಿ, ಹಳಿಯಾಳದ ಬ್ಯಾಂಕಿರಲಿ, ಮುಂಡಗೋಡಿನ ಶಾಲೆಯಿರಲಿ, ದಿನದ ಮೊದಲ ವ್ಯವಹಾರ ನಡೆಯುವುದು ಬಾಗಿಲಲ್ಲಿಯೇ. ಒಬ್ಬರು ಒಳಬರುತ್ತಾರೆ, ಇನ್ನೊಬ್ಬರು ತಲೆಯೆತ್ತಿ ನೋಡುತ್ತಾರೆ. ನಮಸ್ಕಾರವೊಂದು ಅತ್ತಿಂದಿತ್ತ ಹೋಗಿಬರುತ್ತದೆ. ಕೆಲವೊಮ್ಮೆ ಹೋದದ್ದು ಮರಳಿ ಬರುವುದೇ ಇಲ್ಲ. 1955ರಲ್ಲಿ ಸ್ಥಾಪನೆಗೊಂಡ ದಾಂಡೇಲಿಯ ಕಾಗದ ಕಾರ್ಖಾನೆಯಂಥ ಕಡೆಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ, ಕೆಲಸ ಮುಗಿಸಿ ಹೊರಡುವವರಿಗೂ ಕೆಲಸಕ್ಕೆ ಬರುವವರಿಗೂ ನಡುವೆ ನಡೆಯುವುದು ಇದೇ ವ್ಯವಹಾರ. ಕ್ಷಣಾರ್ಧದಲ್ಲಿ ಮುಗಿಯುವ ಈ ಕ್ರಿಯೆಯನ್ನು ಲೋಕವು ಶಿಷ್ಟಾಚಾರವೆಂದು ಕರೆಯುತ್ತದೆ. ಜಿನಾಗಮವು ಅದಕ್ಕಿಂತ ದೊಡ್ಡ ಹೆಸರನ್ನು ಕೊಟ್ಟಿದೆ: ವಿನಯ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಆರು ಅಂತರಂಗ ತಪಗಳನ್ನು ಹೇಳಿದ್ದಾರೆ. ಪ್ರಾಯಶ್ಚಿತ್ತದ ನಂತರ ಬರುವ ಎರಡನೆಯ ತಪವೇ ವಿನಯ. ಉಪವಾಸವು ದೇಹವನ್ನು ಕೃಶಗೊಳಿಸಿದರೆ ವಿನಯವು ಮಾನಕಷಾಯವನ್ನು ಕೃಶಗೊಳಿಸುತ್ತದೆ. ತೀರ್ಥಂಕರ ಪದವಿಗೆ ಕಾರಣವಾಗುವ ಷೋಡಶಕಾರಣ ಭಾವನೆಗಳಲ್ಲಿಯೂ ದರ್ಶನವಿಶುದ್ಧಿಯ ಮರುಸ್ಥಾನ ವಿನಯಸಂಪನ್ನತೆಗೇ ಸಲ್ಲುತ್ತದೆ. ಗುರುಗಳನ್ನು ಕಂಡೊಡನೆ ಏಳುವುದು, ಎದುರುಗೊಳ್ಳುವುದು, ಕೈಮುಗಿಯುವುದು ಉಪಚಾರ ವಿನಯ. ಮುನಿಗಳಿಗೆ ‘ನಮೋಸ್ತು’, ಆರ್ಯಿಕೆಯರಿಗೆ ‘ವಂದಾಮಿ’, ಸಹಧರ್ಮಿಗಳಿಗೆ ‘ಜೈ ಜಿನೇಂದ್ರ’ ಎಂದು ಹೇಳುವ ಸಂಪ್ರದಾಯವನ್ನು ಶ್ರಾವಕರ ಮನೆಯ ಮಕ್ಕಳು ಎಳವೆಯಲ್ಲಿಯೇ ಕಲಿಯುತ್ತಾರೆ. ಬಸದಿಯಲ್ಲಿ ಕಲಿತ ಈ ಪಾಠವು ಕಚೇರಿಯ ಹೊಸ್ತಿಲಲ್ಲಿ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಒಂದು ಒರೆಗಲ್ಲು ಇದೆ. ಅಲ್ಲಿ ವಿನಯವನ್ನು ಅದರ ಹಿಂದಿರುವ ಉದ್ದೇಶದಿಂದ ಐದಾಗಿ ವಿಂಗಡಿಸಲಾಗಿದೆ. ಲೋಕರೂಢಿಯನ್ನು ಅನುಸರಿಸಿ ಏಳುವುದು, ಕೈಮುಗಿಯುವುದು, ಆಸನ ಕೊಡುವುದು ಲೋಕಾನುವೃತ್ತಿ ವಿನಯ. ಲಾಭಕ್ಕಾಗಿ ತೋರುವುದು ಅರ್ಥನಿಮಿತ್ತ ವಿನಯ. ಕಾಮನೆಯಿಂದ ತೋರುವುದು ಇನ್ನೊಂದು; ಅಂಜಿಕೆಯಿಂದ ತೋರುವುದು ಭಯ ವಿನಯ. ಇವುಗಳ ಕೊನೆಯಲ್ಲಿರುವುದು ಆತ್ಮಹಿತಕ್ಕಾಗಿ ಆಚರಿಸುವ ಮೋಕ್ಷ ವಿನಯ.

ಕಚೇರಿಯ ನಮಸ್ಕಾರಗಳನ್ನು ಈ ಒರೆಗಲ್ಲಿಗೆ ಉಜ್ಜಿ ನೋಡಬೇಕು. ಮೇಲಧಿಕಾರಿಯ ಜೀಪು ಬಂದು ನಿಂತೊಡನೆ ನಾಲ್ಕಾರು ಮಂದಿ ಎದ್ದು ನಿಲ್ಲುವುದರಲ್ಲಿ ಭಯವೆಷ್ಟು? ಬಡ್ತಿಯ ಕಡತ ಯಾರ ಮೇಜಿನಲ್ಲಿದೆಯೋ ಅವರಿಗೆ ಎರಡು ಬಾರಿ ಹೇಳುವ ‘ನಮಸ್ಕಾರ ಸರ್’ನಲ್ಲಿ ಅರ್ಥವೆಷ್ಟು? ಸಹೋದ್ಯೋಗಿ ಸ್ತ್ರೀಯರೊಡನೆ ಅಗತ್ಯಕ್ಕಿಂತ ಹೆಚ್ಚು ನಿಂತು ಆಡುವ ಮಾತು ವಿನಯವೇ? ಭಯವಾಗಲಿ ಲಾಭವಾಗಲಿ ಇಲ್ಲದ ಕಡೆಯಲ್ಲಿಯೂ ಕೈ ತಾನಾಗಿ ಜೋಡಿಸಿಕೊಳ್ಳುವುದಾದರೆ ಅದು ತಪದ ಕಡೆಗೆ ಹೊರಳಿತೆಂದು ತಿಳಿಯಬಹುದು. ಆದ್ದರಿಂದ ವಿನಯದ ನಿಜವಾದ ಪರೀಕ್ಷೆ ಸಾಹೇಬರ ಕೊಠಡಿಯಲ್ಲಿ ನಡೆಯುವುದಿಲ್ಲ. ಕಸ ಗುಡಿಸುವವರ, ಚಹಾ ತರುವವರ, ಗೇಟಿನ ಕಾವಲಿನವರ, ಗುತ್ತಿಗೆಯ ಮೇಲೆ ಬಂದ ಹೊಸಬರ ಎದುರಿನಲ್ಲಿ ನಡೆಯುತ್ತದೆ.

ಈ ನಾಲ್ಕು ಊರುಗಳಲ್ಲಿ ಈ ಮಾತಿಗೆ ಇನ್ನಷ್ಟು ಅರ್ಥವಿದೆ. ಇಲ್ಲಿನ ಕಾಡಂಚಿನ ಹಳ್ಳಿಗಳಲ್ಲಿ ಕುಣಬಿಗಳು, ಸಿದ್ದಿಗಳು, ಗೌಳಿಗಳು ನೆಲೆಸಿದ್ದಾರೆ. ಅಂಥ ಮನೆಯಿಂದ ಮೊದಲ ಬಾರಿಗೆ ನೌಕರಿಯ ಮೆಟ್ಟಿಲೇರಿದ ತರುಣನಿಗೆ ಒಂದು ವಾರ ಯಾರೂ ನಮಸ್ಕರಿಸದಿದ್ದರೆ ಅವನು ತನ್ನ ಕುರ್ಚಿಯ ಬಗೆಗೇ ಸಂಶಯಪಡತೊಡಗುತ್ತಾನೆ. ಯಾರೂ ಬೈದಿಲ್ಲ, ಯಾರೂ ಹೊಡೆದಿಲ್ಲ; ಆದರೂ ಒಂದು ಜೀವ ನೊಂದಿದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಈ ನೋವನ್ನು ಗಣನೆಗೆ ತೆಗೆದುಕೊಳ್ಳದಿರಲಾರರು.

ಶ್ರವಣಬೆಳಗೊಳದ ಐತಿಹ್ಯವೊಂದು ಇದನ್ನೇ ಹೇಳುತ್ತದೆ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ಮಾಡಿಸಿದಾಗ ಕೊಡಗಟ್ಟಲೆ ಹಾಲು ಸುರಿದರೂ ಮೂರ್ತಿ ಪೂರ್ತಿಯಾಗಿ ನೆನೆಯಲಿಲ್ಲವಂತೆ. ಯಾರೂ ಗಮನಿಸದೆ ಮೂಲೆಯಲ್ಲಿ ನಿಂತಿದ್ದ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದಿದ್ದ ತುಸು ಹಾಲೆರೆದಾಗ ಮೂರ್ತಿಯು ಪಾದದವರೆಗೂ ನೆನೆಯಿತು. ಚಾವುಂಡರಾಯನ ಗರ್ವ ಅಲ್ಲಿಗೆ ಇಳಿಯಿತು. ಆ ಗುಳ್ಳಕಾಯಜ್ಜಿಯ ವಿಗ್ರಹ ಇಂದಿಗೂ ಗೊಮ್ಮಟನಿಗೆ ಎದುರಾಗಿಯೇ ನಿಂತಿದೆ. ಪ್ರತಿ ಕಚೇರಿಯಲ್ಲಿಯೂ ಒಬ್ಬ ಗುಳ್ಳಕಾಯಜ್ಜಿ ಇರುತ್ತಾಳೆ. ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಕಾಣದೆ ಇರುವುದು ಒಂದು ದೋಷವಾದರೆ, ಕಂಡೂ ಕಾಣದಂತಿರುವುದು ಇನ್ನೊಂದು. ವರ್ಗಾವಣೆಯ ವಿಚಾರದಲ್ಲಿಯೋ ರಜೆಯ ವಿಚಾರದಲ್ಲಿಯೋ ಮಾತು ಮುರಿದು, ಪಕ್ಕಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಮುಖ ತಿರುಗಿಸಿ ಕುಳಿತವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅದೇ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರವು ಕಷಾಯದ ಸಂಸ್ಕಾರ ಎಷ್ಟು ಕಾಲ ಉಳಿಯುತ್ತದೆಂಬುದನ್ನು ಅಳೆದು ಹೇಳಿದೆ. ಸಂಜ್ವಲನ ಕಷಾಯಕ್ಕೆ ಅಂತರ್ಮುಹೂರ್ತ, ಅಂದರೆ 48 ನಿಮಿಷಗಳ ಒಳಗಿನ ಕಾಲ. ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣಕ್ಕೆ 6 ತಿಂಗಳು. ಅದನ್ನೂ ಮೀರಿ ಭವಭವಗಳಲ್ಲಿ ಹಿಂಬಾಲಿಸುವುದು ಅನಂತಾನುಬಂಧಿ. ಅದು ಸಮ್ಯಕ್ತ್ವವನ್ನೇ ಕೆಡಿಸುವಂಥದು. ಈ ಲೆಕ್ಕದಂತೆ ಅಣುವ್ರತಿಯಾದ ಶ್ರಾವಕನ ಮುನಿಸು 15 ದಿನಗಳ ಗೆರೆಯನ್ನು ದಾಟಬಾರದು. ಆರು ತಿಂಗಳಿಂದ ನಿಂತುಹೋದ ಒಂದು ನಮಸ್ಕಾರ ಎಷ್ಟು ಭಾರವಾದದ್ದೆಂದು ಇದರಿಂದ ಊಹಿಸಬಹುದು. ಕ್ಷಮಾವಾಣಿಯ ದಿನ ಮೊಬೈಲಿನಲ್ಲಿ ನೂರು ಜನರಿಗೆ ಒಂದೇ ಸಂದೇಶ ಕಳುಹಿಸಿ ಪಕ್ಕದ ಮೇಜಿನವರನ್ನು ಮಾತ್ರ ಬಿಟ್ಟುಬಿಟ್ಟರೆ ಆ ನೂರಕ್ಕೂ ಬೆಲೆಯಿಲ್ಲ. ಅಲ್ಲಿ ಮೊದಲ ‘ನಮಸ್ಕಾರ’ ಹೇಳುವವನು ಸೋಲುವುದಿಲ್ಲ. ತನ್ನ ಕರ್ಮಬಂಧವನ್ನು ಸಡಿಲಿಸಿಕೊಳ್ಳುತ್ತಾನೆ.

ಆಚರಣೆಗೆ ಬಂದರೆ ನಿಯಮಗಳು ಕಠಿಣವೇನಲ್ಲ. ಹಿರಿಯರು, ಕಿರಿಯರು ಎಂದು ಕಾಯದೆ, ಮೊದಲು ಕಂಡವರು ಮೊದಲು ನಮಸ್ಕರಿಸಬೇಕು. ನಮಸ್ಕರಿಸುವಾಗ ಫೋನಿನಿಂದ ಕಣ್ಣೆತ್ತಿ ಮುಖ ನೋಡಬೇಕು. ‘ಏಯ್’, ‘ಬಾರೋ’ ಎನ್ನದೆ ಹೆಸರು ಹಿಡಿದು, ಗೌರವದಿಂದ ಕರೆಯಬೇಕು. ಹಿತವಾಗಿ, ಮಿತವಾಗಿ ನುಡಿಯುವುದು ಭಾಷಾ ಸಮಿತಿ. ಆದ್ದರಿಂದ ಲೆಕ್ಕದಲ್ಲಿ ಮುಳುಗಿದವರನ್ನು ಮಾತಿಗೆಳೆಯದೆ ತಲೆಬಾಗಿ ಮುಂದೆ ನಡೆಯುವುದೂ ವಿನಯವೇ. ಒಳಗೆ ಹಗೆಯಿಟ್ಟು ಹೊರಗೆ ಹೊಗಳುವುದು ಮಾತ್ರ ವಿನಯವಲ್ಲ, ಅದು ಮಾಯಾಕಷಾಯ.

ಯಾವ ಮಾತಿನಲ್ಲಿ ನಮಸ್ಕರಿಸಬೇಕೆಂಬುದಕ್ಕೂ ಇಲ್ಲಿನ ನೆಲವೇ ಉತ್ತರ ಕೊಡುತ್ತದೆ. ಹಳಿಯಾಳದ ಪೇಟೆಯಲ್ಲಿ ‘ನಮಸ್ಕಾರ’ದ ಪಕ್ಕದಲ್ಲಿಯೇ ‘ರಾಮ್ ರಾಮ್’ ಕೇಳಿಸುತ್ತದೆ, ‘ಸಲಾಂ’ ಕೇಳಿಸುತ್ತದೆ. 1966ರಿಂದ ಟಿಬೆಟನ್ನರಿಗೆ ನೆಲೆಯಾದ ಮುಂಡಗೋಡಿನಲ್ಲಿ ‘ತಾಶಿ ದೆಲೆಕ್’ ಎಂಬ ಹಾರೈಕೆಯೂ ಇದೆ. ‘ಜೈ ಜಿನೇಂದ್ರ’ ಎನ್ನುವವರು ಅವರವರ ನುಡಿಯಲ್ಲಿ ಅವರವರನ್ನು ಮಾತನಾಡಿಸಿದರೆ ಧರ್ಮಕ್ಕೆ ಕುಂದಿಲ್ಲ. ರಾಗದ್ವೇಷಗಳನ್ನು ಗೆದ್ದವನೇ ಜಿನ. ಎಲ್ಲ ಜೀವಿಗಳಲ್ಲಿ ಮೈತ್ರಿಯನ್ನು ತಾಳುವುದೇ ಆ ಗೆಲುವಿನ ಮೊದಲ ಹೆಜ್ಜೆ.

ನಾಳೆ ಬೆಳಿಗ್ಗೆಯೂ ಕಚೇರಿಯ ಬಾಗಿಲು ತೆರೆಯುತ್ತದೆ. ಇದುವರೆಗೆ ಯಾರಿಗೆ ನಮಸ್ಕರಿಸಿಲ್ಲವೋ ಅವರಿಂದಲೇ ಆರಂಭಿಸಿದರೆ ಒಂದು ತಪ ಅಲ್ಲಿಯೇ ಮೊದಲಾಗುತ್ತದೆ. ಅದಕ್ಕೆ ಉಪವಾಸ ಬೇಡ, ತಿಥಿ ಬೇಡ. ಜೋಡಿಸಿದ ಎರಡು ಕೈ, ಬಾಗಿದ ಒಂದು ತಲೆ ಸಾಕು.